ದೊಡ್ಡಮ್ಮನ ಮುತ್ತಿನ ಸರ ಮತ್ತೆ ಕೊರಳಿಗೆ ಬರಲು ನಾಲ್ಕು ತಿಂಗಳು ಹಿಡಿಯಿತು

ನಿನ್ನೆ ಸರ ಮನೆಗೆ ಬಂತು. ಕಿತ್ತುಹೋದ ದಿನದಿಂದ ಲೆಕ್ಕ ಹಾಕಿದರೆ ನಾಲ್ಕು ತಿಂಗಳು. ಅಲೆದದ್ದು, ಕಾದದ್ದು, ದುಡ್ಡು ಕೊಟ್ಟದ್ದು ಎಲ್ಲ ಇನ್ನೂ ತಲೆಯಲ್ಲಿ ಹಸಿಯಾಗಿದೆ, ಹಾಗಾಗಿ ಈಗಲೇ ಬರೆದುಬಿಡುತ್ತೇನೆ. ಮನೆಯಲ್ಲಿ ಹಿರಿಯರ ಮುತ್ತಿನ ಸರ ಇದ್ದು, ಅದನ್ನು ಏನು ಮಾಡುವುದೆಂದು ತಿಳಿಯದೆ ಡಬ್ಬಿಯಲ್ಲೇ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ ಅಂತ ನನಗೆ ಈ ಓಡಾಟದಲ್ಲೇ ಗೊತ್ತಾಯಿತು. ಅವರಿಗಾಗಿ ಇದು.

ಸರ ನನ್ನ ದೊಡ್ಡಮ್ಮನದು. ದೊಡ್ಡಪ್ಪ ಹಡಗಿನಲ್ಲಿ ಎಂಜಿನಿಯರ್ ಆಗಿದ್ದರು. 1960ರ ದಶಕದಲ್ಲಿ ಒಮ್ಮೆ ಜಪಾನಿನ ಕೋಬೆ ಬಂದರಿಗೆ ಹೋದಾಗ ತಂದದ್ದಂತೆ. ನಡುವೆ ದಪ್ಪ ಮುತ್ತು, ಎರಡೂ ಕಡೆ ಕೊಂಡಿಯತ್ತ ಹೋದ ಹಾಗೆ ಸಣ್ಣದಾಗುತ್ತಾ ಹೋಗುವ ಸರ. ಆ ಕಾಲದ ಜಪಾನಿ ಸರಗಳಲ್ಲಿ ಈ ತರಹದವು ಜಾಸ್ತಿ. "ಸಮುದ್ರಕ್ಕೆ ಮುಳುಗಿ ತೆಗೆದ ಅಸಲಿ ಮುತ್ತು" ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾವು ಮಕ್ಕಳು ಅದನ್ನು ಕೇಳುತ್ತಲೇ ಬೆಳೆದೆವು. ದೊಡ್ಡಮ್ಮ ಹೋದ ಮೇಲೆ ಅವರ ಮಗಳು, ಅಂದರೆ ನನ್ನ ಅಕ್ಕ, ಅದನ್ನು ನನ್ನ ಕೈಗೆ ಕೊಟ್ಟಳು. "ನಾನು ಹಾಕಿಕೊಳ್ಳಲ್ಲ ಕಣೇ, ನೋಡಿದರೇನೇ ಅಳು ಬರುತ್ತೆ. ನೀನೇ ಇಟ್ಕೋ" ಎಂದಳು.

ಇಟ್ಟುಕೊಂಡೆ. ಒಂದು ವರ್ಷ ಬೀರುವಿನಲ್ಲೇ ಇತ್ತು. ಆಮೇಲೆ ಒಂದು ದಿನ ಹಾಕಿಕೊಳ್ಳೋಣ ಎಂದು ಕೊಂಡಿ ತೆರೆದು ಕುತ್ತಿಗೆಯ ಹಿಂದೆ ಸಿಕ್ಕಿಸುತ್ತಿರುವಾಗಲೇ ದಾರ ಕಿತ್ತುಬಂತು. ಮುತ್ತು ನೆಲಕ್ಕೆ ಬಿದ್ದು ಪುಟಿಯುವ ಸದ್ದು ಇದೆಯಲ್ಲ, ಅದು ಈಗಲೂ ಕಿವಿಯಲ್ಲಿದೆ. ಎದೆ ಧಸಕ್ಕೆಂದಿತು. ದೊಡ್ಡಮ್ಮ ಐವತ್ತು ವರ್ಷ ಕಾಪಾಡಿದ್ದನ್ನು ನಾನು ಒಂದು ಕ್ಷಣದಲ್ಲಿ ಕಿತ್ತುಹಾಕಿದೆ ಅನ್ನಿಸಿತು.

ಬಿದ್ದ ಮುತ್ತು ಹುಡುಕುವವರಿಗೆ ಒಂದು ಮಾತು. ಮೊದಲು ಕಾಲು ಎತ್ತಬೇಡಿ, ನಿಂತಲ್ಲೇ ಕುಳಿತುಕೊಳ್ಳಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡವಾಗಿ ಬೆಳಕು ಬಿಡಿ. ಸಣ್ಣ ಮುತ್ತಿಗೂ ಉದ್ದ ನೆರಳು ಬೀಳುತ್ತದೆ, ಕಣ್ಣಿಗೆ ಸಿಗುತ್ತದೆ. ನಾನು ಹೀಗೆ 14 ಹುಡುಕಿದೆ. ಉಳಿದ 67 ದಾರದಲ್ಲೇ ಇದ್ದವು. ಒಟ್ಟು 81. ಆದರೆ ಮೊದಲು ಎಷ್ಟಿತ್ತು ಎಂದೇ ಗೊತ್ತಿಲ್ಲದಿದ್ದರೆ ಎಷ್ಟು ಕಳೆದಿದೆ ಎಂದು ಹೇಗೆ ತಿಳಿಯಬೇಕು? ನಿಮ್ಮ ಹತ್ತಿರ ಸರ ಇದ್ದರೆ ಇವತ್ತೇ ಎಣಿಸಿ ಬರೆದಿಡಿ. ಬಿಳಿ ಬಟ್ಟೆಯ ಮೇಲೆ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆಯಿರಿ. ಐದು ನಿಮಿಷದ ಕೆಲಸ.

ಮರುದಿನ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಒಡವೆ ಅಂಗಡಿಗೆ ಹೋದೆ. ಅಲ್ಲಿದ್ದವರು ತುಂಬಾ ವಿಶ್ವಾಸದಿಂದ "ಅರ್ಧ ಗಂಟೆ ಮೇಡಂ, ಪೋಣಿಸಿ ಕೊಡುತ್ತೇವೆ, ಮೆಷಿನ್‌ನಲ್ಲಿ ತೊಳೆದೂ ಕೊಡುತ್ತೇವೆ" ಎಂದರು. ಹೇಳುತ್ತಲೇ ಕತ್ತರಿ ಕೈಗೆ ತೆಗೆದುಕೊಂಡು ಉಳಿದ ದಾರ ಕತ್ತರಿಸಲು ಹೊರಟರು. ಯಾಕೋ ಗೊತ್ತಿಲ್ಲ, ಬೇಡ ಎಂದುಬಿಟ್ಟೆ. ವಾಪಸ್ ತೆಗೆದುಕೊಂಡು ಬಂದೆ. ಆಗ ಮುಜುಗರವಾಯಿತು, ಈಗ ನೆನೆದರೆ ಬದುಕಿದೆ ಅನ್ನಿಸುತ್ತದೆ.

ಮುತ್ತನ್ನು ಆ ಕಂಪಿಸುವ ತೊಳೆಯುವ ಮೆಷಿನ್‌ಗೆ ಹಾಕಲೇಬಾರದು. ಹಬೆಯೂ ಬೇಡ. ಮುತ್ತು ಕಲ್ಲಿನ ಹಾಗೆ ಗಟ್ಟಿಯಲ್ಲ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10 ಆದರೆ ಮುತ್ತು 2.5ರಿಂದ 4.5ರ ಒಳಗೆ. ಚಿಪ್ಪಿನೊಳಗಿನ ಜೀವಿ ಸುಣ್ಣದ ತೆಳು ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ತನ್ನದೇ ಒಂದು ಅಂಟು ಹಚ್ಚಿ ಕಟ್ಟಿದ್ದು ಅದು. ನಾವು ನೋಡುವ ಹೊಳಪು ಆ ಹಾಳೆಗಳಿಂದಲೇ ಬರುವುದು. ಬೆವರು, ಸೆಂಟು, ಕೂದಲಿಗೆ ಹೊಡೆಯುವ ಸ್ಪ್ರೇ, ನಿಂಬೆ, ವಿನೆಗರ್ ಯಾವುದೂ ಅದಕ್ಕೆ ಆಗುವುದಿಲ್ಲ. ಹಾಕಿ ತೆಗೆದ ಮೇಲೆ ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

ಎರಡು ವಾರ ಹೀಗೇ ಹೋಯಿತು. ಆಮೇಲೆ ಆಫೀಸಿನ ಗೆಳತಿಯೊಬ್ಬಳು ಮುತ್ತು ಪೋಣಿಸುವುದೇ ಕೆಲಸ ಮಾಡಿಕೊಂಡಿರುವ ಒಬ್ಬ ಹಿರಿಯ ಹೆಂಗಸಿನ ಬಗ್ಗೆ ಹೇಳಿದಳು. ಫೋನ್ ಮಾಡಿದರೆ "ಈಗ ಕೈ ತುಂಬಾ ಕೆಲಸ ಇದೆ, ಇನ್ನು ಹತ್ತು ದಿನ ಬಿಟ್ಟು ಬನ್ನಿ, ದಾರ ಕತ್ತರಿಸಬೇಡಿ, ಹೇಗಿದೆಯೋ ಹಾಗೇ ತನ್ನಿ" ಎಂದರು. ದಾರ ಕತ್ತರಿಸಬೇಡಿ ಅನ್ನುವ ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಅವರ ಮೇಜಿನ ಮೇಲೆ ಬೂದು ಬಣ್ಣದ ಒಂದು ಹಲಗೆ. ಅದರಲ್ಲಿ ಉದ್ದುದ್ದ ಗೀರುಗಳು, ಮುತ್ತು ಉರುಳದೆ ಸಾಲಾಗಿ ಕೂರಲು. ಸರವನ್ನು ಅದರ ಮೇಲೆ ಹಾಸಿ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಇದು ಎರಡು ಕೈ ಪೋಣಿಸಿರೋ ಸರ" ಎಂದರು.

ನನಗೆ ಅರ್ಥವಾಗಲಿಲ್ಲ. ತೋರಿಸಿದರು. ದಾರದಲ್ಲಿ ಉಳಿದಿದ್ದ 67ರಲ್ಲಿ ಪ್ರತಿ ಮುತ್ತಿನ ನಡುವೆಯೂ ಒಂದು ಪುಟ್ಟ ಗಂಟು ಇತ್ತು. ಹಳದಿಯಾದ ರೇಷ್ಮೆ ದಾರ. ಆದರೆ ಉರುಳಿಹೋದ 14 ಇದ್ದ ಕಡೆ ಒಂದೂ ಗಂಟಿಲ್ಲ, ದಾರವೂ ನೈಲಾನ್. ಗಂಟು ಹಾಕುವುದು ಚೆಂದಕ್ಕೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಗಂಟಿದ್ದರೆ ದಾರ ಕಿತ್ತರೂ ಬೀಳುವುದು ಒಂದೋ ಎರಡೋ. ಮುತ್ತು ಮುತ್ತಿಗೆ ಉಜ್ಜಿ ಸವೆಯುವುದೂ ಇಲ್ಲ. ಗಂಟಿಲ್ಲದ ಕಡೆಯವೇ ಅಷ್ಟೂ ನೆಲಕ್ಕೆ ಬಿದ್ದದ್ದು. ಅಂದರೆ ಯಾವತ್ತೋ ಒಮ್ಮೆ ಈ ಸರ ಕಿತ್ತಿದೆ, ಆ ತುದಿಯನ್ನು ಮಾತ್ರ ಯಾರೋ ಅವಸರದಲ್ಲಿ ಪೋಣಿಸಿದ್ದಾರೆ. ಆ ಅಂಗಡಿಯಲ್ಲಿ ದಾರ ಕತ್ತರಿಸಿ ಎಲ್ಲ ಒಂದೇ ಬಟ್ಟಲಿಗೆ ಸುರಿದಿದ್ದರೆ ಈ ಸುಳಿವೇ ಉಳಿಯುತ್ತಿರಲಿಲ್ಲ.

ಆಮೇಲೆ ಅವರು ರಸೀದಿ ಬರೆದರು. ನಾನು ನೋಡಿದ ರಸೀದಿಗಳಲ್ಲಿ ಇಷ್ಟು ಚೆನ್ನಾಗಿ ಬರೆದದ್ದು ಇನ್ನೊಂದಿಲ್ಲ. ಮುತ್ತಿನ ಎಣಿಕೆ 81, ತೂಕ 15.4 ಗ್ರಾಂ, ಅತಿ ದಪ್ಪದ್ದು 7.5 ಮಿಲಿಮೀಟರ್, ಅತಿ ಸಣ್ಣದ್ದು 3.5 ಮಿಲಿಮೀಟರ್, ಬೆಳ್ಳಿಯ ಕೊಂಡಿ, ಅದರ ಮೇಲೆ ಸಿಲ್ವರ್ ಎಂಬ ಮುದ್ರೆ. ಫೋಟೋ ತೆಗೆದು, ಇಬ್ಬರೂ ಸಹಿ ಹಾಕಿದೆವು. ತೂಕದ ಪಕ್ಕದಲ್ಲಿ "4.1 ಮೊಮ್ಮೆ" ಎಂದೂ ಬರೆದರು. ಅದು ಜಪಾನಿನ ಹಳೆಯ ತೂಕ, ಒಂದು ಮೊಮ್ಮೆ ಅಂದರೆ 3.75 ಗ್ರಾಂ, ಮುತ್ತಿನ ವ್ಯಾಪಾರದಲ್ಲಿ ಈಗಲೂ ನಡೆಯುತ್ತದೆ. ನೀವು ಯಾರಿಗೇ ಸರ ಕೊಟ್ಟರೂ ಇಷ್ಟು ವಿವರ ಇಲ್ಲದ ರಸೀದಿಗೆ ಒಪ್ಪಬೇಡಿ. "ಮುತ್ತಿನ ಸರ 1" ಎಂದು ಬರೆದ ಚೀಟಿಗೆ ಏನೂ ಅರ್ಥವಿಲ್ಲ.

ನಮ್ಮ ಮನೆಯಲ್ಲಿ ಇದು ಜಪಾನಿನ ಹೆಸರಾಂತ ಮುತ್ತಿನ ಕಂಪನಿ ಮಿಕಿಮೊಟೊದ ಸರ ಅನ್ನುವ ಮಾತೂ ಇತ್ತು, ಅದನ್ನೂ ಕೇಳಿದೆ. ಅವರು ಕೊಂಡಿಯನ್ನು ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದು ನೋಡಿ ಇಲ್ಲ ಎಂದರು. ಮಿಕಿಮೊಟೊದವರು ಕೊಂಡಿಯ ಮೇಲೆ ಚಿಪ್ಪಿನ ಆಕಾರದೊಳಗೆ ಎಂ ಅಕ್ಷರ ಒತ್ತುತ್ತಿದ್ದರು, ಇದರಲ್ಲಿ ಅದಿಲ್ಲ. ಆದರೆ ಇದ್ದಿದ್ದರೂ ಕೊಂಡಿ ಮುತ್ತಿಗೆ ಸಾಕ್ಷಿಯಾಗುವುದಿಲ್ಲ, ಕೊಂಡಿ ಬದಲಾಯಿಸುವುದು ಹತ್ತು ನಿಮಿಷದ ಕೆಲಸ ಎಂದೂ ಹೇಳಿದರು. ಹಳೆಯ ಸರ ಕೊಳ್ಳುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ಮುಂದೆ ಅವರು ಹೇಳಿದ್ದು ಈ ಇಡೀ ಬರಹಕ್ಕೆ ಕಾರಣ. "ಈಗ ಎಲ್ಲ ಬಿಡಿಸ್ತಾ ಇದ್ದೀನಿ. ನೋಡೋದಿದ್ದರೆ ಈಗಲೇ ನೋಡಿಬಿಡಿ. ಗಂಟು ಹಾಕಿದ ಮೇಲೆ ತೂತು ಕಾಣಲ್ಲ. ಇನ್ನು ನೋಡೋದು ಮುಂದಿನ ಸಲ ದಾರ ಬದಲಿಸುವಾಗಲೇ."

ಮುತ್ತಿನ ಗುಟ್ಟೆಲ್ಲ ಅದರ ತೂತಿನಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೊಟ್ಟು ಒಂದೊಂದನ್ನೇ ಬೆಳಕಿಗೆ ಹಿಡಿಸಿದರು. ಮೊದಲ ಮುತ್ತಿನ ತೂತಿನ ಅಂಚಿನಲ್ಲಿ ಹೊರಗಿನ ತೆಳು ಪದರ, ಅದರ ಒಳಗೆ ಒಂದು ಗಾಢ ಗೆರೆ, ಗೆರೆಯ ಒಳಗೆ ಬೇರೆಯದೇ ಬಣ್ಣದ ಬಿಳಿ ಮಣಿ. "ಗೆರೆ ಕಂಡಿತಾ? ಒಳಗೆ ಮಣಿ ಇಟ್ಟು ಬೆಳೆಸಿದ್ದು. ಕಲ್ಚರ್ಡ್."

ನಾನು ಸುಮ್ಮನಾದೆ. ಮುಳುಗಿ ತೆಗೆದ ಅಸಲಿ ಮುತ್ತು ಅನ್ನುವ ಮಾತು ಅಲ್ಲಿಗೆ ಮುಗಿಯಿತು. ದೊಡ್ಡಮ್ಮ ಸುಳ್ಳು ಹೇಳಿದವರಲ್ಲ, ಅವರಿಗೆ ಯಾರೋ ಹಾಗೆ ಹೇಳಿದ್ದರು, ಅವರು ನಂಬಿದ್ದರು. ಆದರೂ ಅವರ ಪರವಾಗಿ ನನಗೆ ನೋವಾಯಿತು.

ಅವರು ಒಂದೊಂದೇ ನೋಡುತ್ತಾ ಹೋದರು. ಗಂಟಿದ್ದ ಕಡೆಯವೆಲ್ಲ ಒಂದೇ ಜಾತಿ. ಉರುಳಿಹೋದ 14ರಲ್ಲಿ ಮೂರನ್ನು ಪಕ್ಕಕ್ಕೆ ಇಟ್ಟರು. ಎರಡರ ತೂತಿನ ಬಾಯಲ್ಲಿ ಬಣ್ಣ ಸಿಪ್ಪೆಯ ಹಾಗೆ ಎದ್ದಿತ್ತು, ಒಳಗೆ ಗಾಜು ಮಿನುಗುತ್ತಿತ್ತು. ಗಾಜಿನ ಮಣಿಗೆ ಮೀನಿನ ಪೊರೆಯ ಹೊಳಪು ಬಳಿದು ಮಾಡುವ ನಕಲಿ ಮುತ್ತು. ಮೂರನೆಯದರಲ್ಲಿ ಗೆರೆಯೇ ಇಲ್ಲ, ಆಕಾರವೂ ಸ್ವಲ್ಪ ಅಕ್ಕಿ ಕಾಳಿನ ಹಾಗೆ. ಅದು ಸಿಹಿನೀರಿನ ಮುತ್ತು ಇರಬೇಕು ಎಂದರು.

ಹಲ್ಲಿಗೆ ಉಜ್ಜಿ ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತಲ್ವಾ, ಅದು ಎಷ್ಟಕ್ಕೆ ಸಾಲುತ್ತದೆ ಎಂದು ಹೇಳಿಬಿಡುತ್ತೇನೆ. ನಿಜವಾದ ಮುತ್ತು ಸಣ್ಣ ಮರಳಿನ ಹಾಗೆ ತರಿ ತರಿ ಅನ್ನಿಸುತ್ತದೆ, ಗಾಜು ನುಣ್ಣಗೆ ಜಾರುತ್ತದೆ. ಅಷ್ಟೇ. ಬೆಳೆಸಿದ ಮುತ್ತೂ ತರಿ ತರಿಯೇ, ತಾನಾಗಿ ಆದ ಮುತ್ತೂ ತರಿ ತರಿಯೇ. ಅವೆರಡರ ವ್ಯತ್ಯಾಸ ಹಲ್ಲಿಗೆ ತಿಳಿಯುವುದಿಲ್ಲ. ಹಲ್ಲಿನ ಬದಲು ಎರಡು ಮುತ್ತನ್ನೇ ಒಂದಕ್ಕೊಂದು ಮೆಲ್ಲಗೆ ಉಜ್ಜಿ ನೋಡಬಹುದು, ಎಲ್ಲೋ ಒಂದು ಕಡೆ, ಒಂದೇ ಸಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. "ಹಾಕಿಕೊಳ್ಳೋಕೆ ಮಾತ್ರ ಆದರೆ ಮುತ್ತು ಪರೀಕ್ಷೆ ಮಾಡೋ ಲ್ಯಾಬ್ ಬೇಡ, ಸುಮ್ನೆ ದುಡ್ಡು ದಂಡ" ಎಂದು ಅವರೇ ಹೇಳಿದರು. ಮಾರುವುದಿದ್ದರೆ, ವಿಮೆ ಮಾಡಿಸುವುದಿದ್ದರೆ, ಅಥವಾ ತಾನಾಗಿ ಆದ ಮುತ್ತು ಅನ್ನುವ ಅನುಮಾನ ನಿಜವಾಗಿಯೂ ಇದ್ದರೆ ಮಾತ್ರ ಲ್ಯಾಬ್. ನನಗೆ ಮಾರುವ ಯೋಚನೆ ಇರಲಿಲ್ಲ. ಆದರೆ ನಾಳೆ ಅಕ್ಕನ ಮಕ್ಕಳು ಕೇಳಿದರೆ ಒಂದು ಕಾಗದ ಇರಲಿ, ಇನ್ನೊಂದು ತಲೆಮಾರು ತಪ್ಪು ಮಾತು ನಂಬಿ ಬೆಳೆಯುವುದು ಬೇಡ ಅನ್ನಿಸಿತು. ಮಾಡಿಸಿದೆ. ಲ್ಯಾಬ್ ಫೀಸ್ ಪೋಣಿಸುವ ಕೂಲಿಯ ಐದು ಪಟ್ಟು ಆಯಿತು. ನೀವು ಹೊರಡುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ.

ಲ್ಯಾಬ್ ಬೇರೆ ಊರಿನಲ್ಲಿತ್ತು. ಕೊರಿಯರ್‌ನಲ್ಲಿ ಕಳಿಸೋಣ ಎಂದರೆ ಅವರು ವಿಮೆಗೆ ಬೆಲೆಯ ಕಾಗದ ಕೇಳಿದರು. ಬೆಲೆ ಕಟ್ಟುವವರ ಹತ್ತಿರ ಹೋದರೆ ಲ್ಯಾಬ್ ರಿಪೋರ್ಟ್ ಇಲ್ಲದೆ ಬರೆದುಕೊಡುವುದಿಲ್ಲ ಎಂದರು. ಲ್ಯಾಬ್ ರಿಪೋರ್ಟ್ ಬೇಕೆಂದರೆ ಸರ ಮೊದಲು ಅಲ್ಲಿಗೆ ಹೋಗಬೇಕು. ಈ ಸುತ್ತಿನಲ್ಲಿ ಒಂಬತ್ತು ದಿನ ಹೋದವು. ಕೊನೆಗೆ ರಜೆ ಹಾಕಿ ನಾನೇ ತೆಗೆದುಕೊಂಡು ಹೋದೆ. ಮೊದಲ ದಿನವೇ ಹಾಗೆ ಮಾಡಬೇಕಿತ್ತು.

ಲ್ಯಾಬ್‌ನವರು ಮೊದಲೇ ಹೇಳಿದ್ದರಿಂದ ಮುತ್ತುಗಳನ್ನು ಹಳೆಯ ಕ್ರಮದಲ್ಲೇ ಗಂಟಿಲ್ಲದ ತಾತ್ಕಾಲಿಕ ದಾರಕ್ಕೆ ಪೋಣಿಸಿಕೊಂಡಿದ್ದೆ. ಬಿಡಿಯಾಗಿ ಕೊಟ್ಟರೆ ಯಾವುದು ಯಾವ ಜಾಗದ್ದು ಎಂದು ಆಮೇಲೆ ಹೇಳಲು ಆಗುವುದಿಲ್ಲ. ಅರ್ಜಿ ತುಂಬುವಾಗ ಒಂದು ಕಡೆ "ಯಾವ ಪರೀಕ್ಷೆ" ಎಂದಿರುತ್ತದೆ, ಅಲ್ಲಿ ಎಚ್ಚರ. ಒಂದೆರಡು ಮಾದರಿ ನೋಡಿ ಬರೆಯುವುದಾ, ಇಡೀ ಸರ ಎಕ್ಸ್‌ರೇ ಮಾಡುವುದಾ ಎಂದು ಬಾಯಿಬಿಟ್ಟು ಕೇಳಿ. ನಮ್ಮಂತೆ ಬೇರೆ ಬೇರೆ ಮುತ್ತು ಸೇರಿದ ಸರಕ್ಕೆ ಮಾದರಿ ಪರೀಕ್ಷೆ ಮಾಡಿಸಿ ಏನೂ ಉಪಯೋಗವಿಲ್ಲ. ಎರಡು ವಾರ ಎಂದರು. ಐದು ವಾರವಾಯಿತು. ಮೂರನೆಯ ವಾರ ಫೋನ್ ಮಾಡಿದಾಗ, ಮುತ್ತುಗಳು ಒಂದೇ ಜಾತಿಯವಲ್ಲವಾದ್ದರಿಂದ ಇನ್ನೂ ಸ್ವಲ್ಪ ಫೀಸ್ ಕಟ್ಟಬೇಕು ಎಂದು ಗೊತ್ತಾಯಿತು. ಅವರಾಗಿ ಹೇಳಿರಲಿಲ್ಲ. ನಾನು ಫೋನ್ ಮಾಡದಿದ್ದರೆ ಸರ ಅಲ್ಲೇ ಕೂತಿರುತ್ತಿತ್ತು.

ಆ ಐದು ವಾರದಲ್ಲಿ ನಾನೊಂದು ತಪ್ಪು ಮಾಡಿದೆ. ಸರಕ್ಕೆ ಜೊತೆಯಾಗಿ ಒಂದು ಜೊತೆ ಓಲೆ ಕೊಳ್ಳೋಣ ಎಂದು ಹುಡುಕಲು ಶುರುಮಾಡಿದೆ. ಸರ ಕೈಯಲ್ಲಿಲ್ಲ, ಫೋನಿನಲ್ಲಿ ಫೋಟೋ ಮಾತ್ರ.

ಈಗಿನ ಮುತ್ತಿನ ಲೋಕ ದೊಡ್ಡಪ್ಪನ ಕಾಲದ ಹಾಗಿಲ್ಲ. ಆಗ ಅವರು ಕೋಬೆಯಲ್ಲಿ ಕಂಡದ್ದು ಹೆಚ್ಚಾಗಿ ಜಪಾನಿನ ಅಕೋಯಾ, ಪುಟ್ಟ ಚಿಪ್ಪಿನ ಪುಟ್ಟ ಮುತ್ತು, 9 ಮಿಲಿಮೀಟರ್ ದಾಟುವುದೇ ಅಪರೂಪ. ಈಗ ಆಸ್ಟ್ರೇಲಿಯಾ, ಇಂಡೋನೇಷ್ಯಾ, ಫಿಲಿಪೈನ್ಸ್ ಕಡೆಯ ಸೌತ್ ಸೀ ಮುತ್ತು ಇದೆ, ನೆಲ್ಲಿಕಾಯಿ ಗಾತ್ರದ್ದೂ ಸಿಗುತ್ತದೆ, ಬಿಳಿ ಮತ್ತು ಬಂಗಾರದ ಬಣ್ಣ. ಫ್ರೆಂಚ್ ಪಾಲಿನೇಷ್ಯಾದ ತಾಹಿತಿ ಮುತ್ತು ಇದೆ. ಕಪ್ಪು ಎನ್ನುತ್ತಾರೆ, ಆದರೆ ಹತ್ತಿರ ಹಿಡಿದರೆ ನವಿಲುಗರಿಯ ಹಸಿರು, ಬದನೆಕಾಯಿಯ ನೇರಳೆ ಎಲ್ಲ ಅದರಲ್ಲಿದೆ. ಚೀನಾದ ಸಿಹಿನೀರಿನ ಮುತ್ತು ಈಗ ಎಷ್ಟು ದುಂಡಗೆ, ಎಷ್ಟು ಹೊಳಪಾಗಿ ಬರುತ್ತದೆ ಎಂದರೆ ನೋಡಿ ಅಕೋಯಾ ಅಂದುಕೊಳ್ಳುವಷ್ಟು. ನಾನು ಅಂದುಕೊಂಡೆ ಕೂಡ. ಆನ್‌ಲೈನಿನಲ್ಲಿ "ಅಕೋಯಾ, ಎಎಎ" ಎಂದು ಬರೆದದ್ದನ್ನು ನೋಡಿ ತರಿಸಿದೆ. ಬಂದ ಓಲೆ ಹಾಲಿನ ಹಾಗೆ ಬಿಳಿ, ಹೊಳಪಿನಲ್ಲಿ ಆ ಕನ್ನಡಿಯಂಥ ಚೂಪು ಇಲ್ಲ. ಪೋಣಿಸುವ ಅಮ್ಮನಿಗೆ ತೋರಿಸಿದೆ. ನೋಡಿದ ಕೂಡಲೇ ಸಿಹಿನೀರಿನದು ಎಂದರು.

ಸಿಹಿನೀರಿನ ಮುತ್ತು ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಹೆಚ್ಚಿನವು ಒಳಗೆ ಮಣಿಯೇ ಇಲ್ಲದೆ, ಅಂಗಾಂಶದ ಚೂರು ಮಾತ್ರ ಇಟ್ಟು ಬೆಳೆಸಿದವು. ಹಾಗಾಗಿ ಪೂರ್ತಿ ಮುತ್ತಿನ ಪದರವೇ, ಸವೆದರೂ ಒಳಗಿನ ಮಣಿ ಕಾಣುವ ಭಯವಿಲ್ಲ. ದಿನಾ ಹಾಕಿಕೊಳ್ಳಲು ನಾನೇ ಅದನ್ನು ಕೊಳ್ಳುತ್ತೇನೆ. ಆದರೆ ಅಕೋಯಾ ಎಂದು ಹೇಳಿ ಅಕೋಯಾ ಬೆಲೆ ತೆಗೆದುಕೊಳ್ಳುವುದು ಬೇರೆ ವಿಷಯ. ವಾಪಸ್ ತೆಗೆದುಕೊಂಡರು, ಕಳಿಸುವ ಖರ್ಚು ನನ್ನದೇ ಆಯಿತು. ಎಎಎ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆ ಯಾವುದೂ ಇಲ್ಲ, ಮಾರುವವರು ತಾವೇ ಹಾಕಿಕೊಳ್ಳುವ ದರ್ಜೆ ಅದು. ಅದರ ಬದಲು ಏಳು ವಿಷಯ ಕೇಳಿ: ಗಾತ್ರ, ಆಕಾರ, ಬಣ್ಣ, ಹೊಳಪು, ಮೈಯ ಕಲೆ, ಪದರದ ಗುಣ, ಜೋಡಿ ಹೊಂದಿಕೆ. ರತ್ನ, ಮುತ್ತು ಪರೀಕ್ಷಿಸುವ ಅಮೆರಿಕದ ಜಿಐಎ ಸಂಸ್ಥೆ ಮುತ್ತು ಅಳೆಯುವುದು ಈ ಏಳರಿಂದಲೇ. ಓಲೆಯಲ್ಲಿ ಇನ್ನೊಂದು ತೊಂದರೆ ಇದೆ. ಮುತ್ತಿಗೆ ಅರ್ಧ ತೂತು ಮಾತ್ರ ಕೊರೆದು, ಕಡ್ಡಿ ತೂರಿಸಿ ಅಂಟಿಸಿರುತ್ತಾರೆ. ಲೂಪ್ ಹಿಡಿದು ನೋಡಲು ತೂತೇ ಸಿಗುವುದಿಲ್ಲ. ಅಂಟಿಸುವ ಮೊದಲು ಬಿಡಿ ಮುತ್ತನ್ನೇ ನೋಡಿ ಆರಿಸಿಕೊಳ್ಳಲು ಬಿಡುವ ಕಡೆ ಕೊಳ್ಳಿ.

ರಿಪೋರ್ಟ್ ಬಂದ ದಿನ ಲಕೋಟೆ ತೆರೆಯಲು ಕೈ ನಡುಗುತ್ತಿತ್ತು. ಉತ್ತರ ಗೊತ್ತಿದ್ದರೂ ಒಳಗೆಲ್ಲೋ ಒಂದು ಸಣ್ಣ ಆಸೆ. 78 ಮುತ್ತು ಮಣಿ ಇಟ್ಟು ಬೆಳೆಸಿದ ಉಪ್ಪುನೀರಿನವು, ಅಕೋಯಾ. 1 ಸಿಹಿನೀರಿನ ಬೆಳೆಸಿದ ಮುತ್ತು. 2 ನಕಲಿ. ಪೋಣಿಸುವ ಅಮ್ಮ ಬರಿ ಲೂಪ್ ಹಿಡಿದು ಹೇಳಿದ್ದಕ್ಕೂ ಇದಕ್ಕೂ ಒಂದೇ ಒಂದು ವ್ಯತ್ಯಾಸವಿಲ್ಲ. ರಿಪೋರ್ಟಿನಲ್ಲಿ ಬೆಲೆ ಇರುವುದಿಲ್ಲ, ಅದನ್ನು ಹುಡುಕಬೇಡಿ. ಬೆಲೆ ಕಟ್ಟುವವರೇ ಬೇರೆ, ಅವರ ಫೀಸೇ ಬೇರೆ. ಅವರ ಹತ್ತಿರ ಹೋದರೂ ವಿಮೆಗೆ ಬರೆಯುವ ಬೆಲೆ ಒಂದು, ಮಾರಿದರೆ ಕೈಗೆ ಬರುವ ದುಡ್ಡು ಇನ್ನೊಂದು, ಎರಡನೆಯದು ತುಂಬಾ ಕಡಿಮೆ. ನಾನು ಬೆಲೆ ಕಟ್ಟಿಸಲಿಲ್ಲ.

ಆ ರಾತ್ರಿ ಬೇಜಾರಿನಲ್ಲೇ ಕುಳಿತು ಬೆಳೆಸಿದ ಮುತ್ತಿನ ಬಗ್ಗೆ ಓದಿದೆ. ಓದುತ್ತಾ ಓದುತ್ತಾ ಬೇಜಾರು ಹೋಯಿತು. 1893ರಲ್ಲಿ ಜಪಾನಿನ ಟೋಬಾದಲ್ಲಿ ಮಿಕಿಮೊಟೊ ಕೊಕಿಚಿ ಚಿಪ್ಪಿನೊಳಗೆ ಮೊದಲು ಬೆಳೆಸಿದ್ದು ಅರ್ಧ ಗೋಳದ ಮುತ್ತು. ಪೂರ್ತಿ ದುಂಡಗಿನದಕ್ಕೆ ಇನ್ನೂ ವರ್ಷಗಳು ಬೇಕಾದವು, ನಿಶಿಕಾವಾ ಮತ್ತು ಮಿಸೆ ಎಂಬ ಇಬ್ಬರು ಬೇರೆ ಬೇರೆಯಾಗಿ ದಾರಿ ಕಂಡುಕೊಂಡರು. ಜೀವಂತ ಚಿಪ್ಪನ್ನು ಸ್ವಲ್ಪವೇ ತೆರೆದು, ಇನ್ನೊಂದು ಚಿಪ್ಪಿನ ಅಂಗಾಂಶದ ಚೂರನ್ನೂ ಒಂದು ಮಣಿಯನ್ನೂ ಒಳಗೆ ಇಟ್ಟು, ಮತ್ತೆ ಸಮುದ್ರಕ್ಕೆ ಬಿಡುತ್ತಾರೆ. ಆ ಮಣಿ ಮಾಡುತ್ತಿದ್ದದ್ದು ಅಮೆರಿಕದ ಮಿಸಿಸಿಪಿ ನದಿ ಕಡೆಯ ದಪ್ಪ ಚಿಪ್ಪುಗಳಿಂದ. ದೊಡ್ಡಮ್ಮನ ಕೊರಳಿನ ಪ್ರತಿ ಮುತ್ತಿನ ಹೊಟ್ಟೆಯಲ್ಲಿ ಒಂದು ದೂರದ ನದಿಯ ಚೂರಿದೆ, ಮೇಲೆ ಜಪಾನಿನ ಸಮುದ್ರ ಹೊದಿಸಿದ ಪದರ. ಪದರ ಕಟ್ಟಿದ್ದಂತೂ ಜೀವ ಇದ್ದ ಚಿಪ್ಪೇ ತಾನೆ? ಹಾಗಿದ್ದ ಮೇಲೆ ಇದನ್ನು ಅಸಲಿ ಅಲ್ಲ ಎಂದು ಹೇಗೆ ಹೇಳುವುದು. ಆ ಕಾಲದಲ್ಲಿ ಎರಡು ಮೂರು ವರ್ಷ ಸಮುದ್ರದಲ್ಲೇ ಬಿಡುತ್ತಿದ್ದರು, ಆಮೇಲಾಮೇಲೆ ಒಂದು ವರ್ಷವೂ ತುಂಬದೆ ತೆಗೆದದ್ದುಂಟು. ನಮ್ಮ ಸರದ ಹೊಳಪು ಇಷ್ಟು ವರ್ಷವಾದರೂ ಕುಂದದೆ ಇರುವುದಕ್ಕೆ ಆ ತಾಳ್ಮೆಯೂ ಕಾರಣವಿರಬೇಕು.

ಲ್ಯಾಬಿನಿಂದ ಸರ ಕೈಗೆ ಬಂದ ಮೇಲೆ ಓಲೆಗೆ ಮತ್ತೆ ಹೋದೆ. ಈ ಸಲ ಸರ ಹಿಡಿದುಕೊಂಡು, ಬೆಳಗಿನ ಹೊತ್ತು, ಅಂಗಡಿಯ ದೀಪದಿಂದ ದೂರ ಕಿಟಕಿಯ ಪಕ್ಕ, ಬಿಳಿ ಬಟ್ಟೆಯ ಮೇಲೆ. ಆಗ ಗೊತ್ತಾಯಿತು ನಮ್ಮ ಸರ ಬಿಳಿಯೇ ಅಲ್ಲ ಎಂದು. ಕೆನೆಯ ಬಣ್ಣ, ತುಸು ಹಳದಿ. ವಯಸ್ಸಾದಂತೆ ಅಕೋಯಾ ಹೀಗಾಗುತ್ತದೆ. ಈಗ ಅಂಗಡಿಗೆ ಬರುವ ಬಿಳಿ ಅಕೋಯಾವನ್ನು ಸಾಮಾನ್ಯವಾಗಿ ಬಿಳಿಚಿಸಿ, ಎಷ್ಟೋ ಸಲ ತುಸು ಗುಲಾಬಿ ಛಾಯೆಯನ್ನೂ ಕೊಟ್ಟಿರುತ್ತಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಹೊಸದರ ಎದುರು ಹಳೆಯದು ಕೊಳೆಯಾದ ಹಾಗೆ ಕಾಣುತ್ತದೆ. ಹಳೆಯದನ್ನು ಬೆಳ್ಳಗೆ ಮಾಡಲು ಹೋಗಬೇಡಿ, ಮನೆಮದ್ದು ಯಾವುದೂ ಬೇಡ, ಪದರ ಹಾಳಾಗುತ್ತದೆ. ಕೆನೆ ಬಣ್ಣದ ಹೊಸ ಮುತ್ತನ್ನೇ ಹುಡುಕಬೇಕು. ಎರಡು ಗಂಟೆ ಹುಡುಕಿದ ಮೇಲೆ 7 ಮಿಲಿಮೀಟರಿನ ಒಂದು ಜೊತೆ ಸಿಕ್ಕಿತು. ಸರದ ನಡುವಿನ ಮುತ್ತಿನ ಪಕ್ಕ ಇಟ್ಟರೆ ಅಕ್ಕ ತಂಗಿಯರ ಹಾಗೆ. ಅಲ್ಲಿಯವರೆಗಿನ ಒಟ್ಟು ಖರ್ಚಿಗಿಂತ ಆ ಓಲೆಯದೇ ಜಾಸ್ತಿ, ಆದರೂ ಅದರ ಬಗ್ಗೆ ನನಗೆ ಬೇಸರವಿಲ್ಲ.

ಇನ್ನು ಪೋಣಿಸುವುದು. ಅಲ್ಲೂ ಒಂದು ತಡೆ ಬಂತು. ಕೊಂಡಿಯ ಹತ್ತಿರದ ಮೂರು ಮೂರು ಮುತ್ತಿನಲ್ಲಿ ದಾರ ಎರಡು ಸಲ ಹಾಯಬೇಕು, ನಮ್ಮ ಸಣ್ಣ ಮುತ್ತಿನ ತೂತು ಅದಕ್ಕೆ ಸಾಲದು. ತೂತನ್ನು ಸ್ವಲ್ಪ ದೊಡ್ಡದು ಮಾಡಬೇಕು, ಮುತ್ತು ಬಿರುಕು ಬಿಡುವ ಅಪಾಯ ಇದ್ದೇ ಇದೆ, ಒಪ್ಪಿಗೆ ಬರೆದುಕೊಡಿ ಎಂದರು. ಒಂದು ರಾತ್ರಿ ಯೋಚಿಸಿ ಸಹಿ ಹಾಕಿದೆ. ನೀರಿನಲ್ಲಿ ಮುಳುಗಿಸಿಕೊಂಡು, ಕೈಯಲ್ಲೇ, ಸೂಜಿಯಂಥ ಅರದಿಂದ ಮೆಲ್ಲಗೆ ತಿರುಗಿಸಿ ಮಾಡಿದರಂತೆ. ಒಂದಕ್ಕೂ ಏನೂ ಆಗಲಿಲ್ಲ. ಕೂಲಿ ಮುತ್ತಿನ ಲೆಕ್ಕದಲ್ಲಿ, ತೂತಿನ ಕೆಲಸಕ್ಕೆ ಬೇರೆ. ಕೊಂಡಿಗೆ ದಾರ ಉಜ್ಜಿ ಸವೆಯದಂತೆ ತುದಿಗೆ ಹಾಕುವ ಕೂದಲೆಳೆಯಷ್ಟು ಸಣ್ಣ ಸುರುಳಿ ತಂತಿಗೂ ಬೇರೆ. ಇವನ್ನೆಲ್ಲ ಮೊದಲೇ ಬಿಡಿಸಿ ಕೇಳಿಕೊಳ್ಳಿ.

ಬೇರೆ ಜಾತಿಯ ಆ ಮೂರನ್ನು ಏನು ಮಾಡುವುದು ಎಂದು ಅವರು ಕೇಳಿದಾಗ ನನಗೆ ಉತ್ತರ ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಅದು ನಾನು ಕಣೇ" ಎಂದಳು. ಆರೋ ಏಳೋ ವರ್ಷವಿದ್ದಾಗ ದೊಡ್ಡಮ್ಮನ ಸರ ಹಾಕಿಕೊಂಡು ಆಡುತ್ತಾ ಕಿತ್ತುಕೊಂಡಳಂತೆ. ಬಚ್ಚಲಿನ ಮೋರಿಗೆ ಮೂರು ಮುತ್ತು ಹೋದವಂತೆ. ದೊಡ್ಡಪ್ಪ ಹಡಗಿನಲ್ಲಿದ್ದರು. ಅವರು ಊರಿಗೆ ಬರುವುದರೊಳಗೆ ದೊಡ್ಡಮ್ಮ ಎಲ್ಲಿಂದಲೋ ಮೂರು ತಂದು ಸೇರಿಸಿ, ತಾವೇ ಪೋಣಿಸಿ, ಯಾರಿಗೂ ಹೇಳದೆ ಹಾಕಿಕೊಂಡು ನಿಂತಿದ್ದರಂತೆ. ಅಕ್ಕನಿಗೆ ಒಂದು ಏಟೂ ಬಿದ್ದಿರಲಿಲ್ಲ. "ಅಪ್ಪನಿಗೆ ಕೊನೆವರೆಗೂ ಗೊತ್ತಾಗಲಿಲ್ಲ" ಎಂದು ಹೇಳುವಾಗ ಅವಳ ಗಂಟಲು ಕಟ್ಟಿತ್ತು. ಎರಡನೆಯ ಕೈ ಯಾರದ್ದು ಎಂದು ನನಗೆ ಆಗ ತಿಳಿಯಿತು.

ಗಾಜಿನ ಎರಡನ್ನು ಸೇರಿಸಿದರೆ ಬಣ್ಣ ಇನ್ನೂ ಏಳುತ್ತಾ ಹೋಗುತ್ತದೆ ಎಂದು ಪೋಣಿಸುವ ಅಮ್ಮ ಹೇಳಿದರು. ಅವನ್ನು ಬಿಟ್ಟೆವು. ಅಕ್ಕಿ ಕಾಳಿನಂಥದ್ದು ನಿಜವಾದ ಮುತ್ತೇ, ಅದು ಇರಲಿ ಎಂದೆ. ಕೊಂಡಿಯ ಪಕ್ಕದಲ್ಲೇ ಕೂರಿಸಿದರು, ಕೂದಲಿನ ಕೆಳಗೆ ಯಾರಿಗೂ ಕಾಣುವುದಿಲ್ಲ. ಈಗ 79 ಮುತ್ತು, ರೇಷ್ಮೆ ದಾರ, ಪ್ರತಿಯೊಂದರ ನಡುವೆ ಗಂಟು, ಹದಿನೇಳೂವರೆ ಇಂಚು. ಹಳೆಯ ಕೊಂಡಿಯೇ. ಹೊಸ ದಾರ ಮೊದಲು ಸ್ವಲ್ಪ ಬಿಗಿಯಾಗಿರುತ್ತದೆ, ಹಾಕುತ್ತಾ ಹಾಕುತ್ತಾ ಸಡಿಲಾಗುತ್ತದೆ, ಹೆದರಬೇಡಿ ಎಂದರು. ನೇತುಹಾಕಬಾರದು, ಉದ್ದಕ್ಕೆ ಮಲಗಿಸಿ ಇಡಬೇಕು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬೇಡ, ಬಟ್ಟೆಯ ಚೀಲ ಸಾಕು. ಆಗಾಗ ಹಾಕಿಕೊಳ್ಳುವುದಾದರೆ ಒಂದೆರಡು ವರ್ಷಕ್ಕೊಮ್ಮೆ ದಾರ ಬದಲಿಸಬೇಕು. ಗಂಟು ಕಪ್ಪಾದರೆ, ಮುತ್ತು ಮತ್ತು ಗಂಟಿನ ನಡುವೆ ದಾರ ಕಾಣಲು ಶುರುವಾದರೆ, ವರ್ಷ ಎಣಿಸದೆ ತರಬೇಕು.

ಗಾಜಿನ ಆ ಎರಡನ್ನು ಒಂದು ಪುಟ್ಟ ಚೀಲಕ್ಕೆ ಹಾಕಿ ಕೊಟ್ಟಿದ್ದರು. ನಿನ್ನೆ ಅಕ್ಕನಿಗೆ ಫೋಟೋ ಕಳಿಸಿದೆ. ಸರದ ಬಗ್ಗೆ ಏನೂ ಬರೆಯಲಿಲ್ಲ. "ಆ ಎರಡು ನನಗೆ ಬೇಕು, ಎಲ್ಲೂ ಬಿಸಾಡಬೇಡ" ಎಂದು ಮಾತ್ರ ಬರೆದಿದ್ದಾಳೆ. ಭಾನುವಾರ ಕೊಟ್ಟು ಬರುತ್ತೇನೆ.